ಮೊಟ್ಟೆಚಿಪ್ಪಿನ ಸುಣ್ಣದಿಂದ ಬಯೋಡೀಸೆಲ್: ಸುಡುವುದರಿಂದ ಹಿಡಿದು ಸೋಸುವವರೆಗೆ

ಎಣ್ಣೆಗೆ ಮೆಥನಾಲ್ ಎಂಬ ಆಲ್ಕೊಹಾಲ್ ಬೆರೆಸಿ ಕ್ರಿಯೆ ನಡೆಸಿದರೆ ಬಯೋಡೀಸೆಲ್ ಮತ್ತು ಗ್ಲಿಸರಿನ್ ಸಿಗುತ್ತವೆ. ಈ ಕ್ರಿಯೆಯನ್ನು ಚುರುಕುಗೊಳಿಸಲು ಸಾಮಾನ್ಯವಾಗಿ ಬಳಸುವ ವೇಗವರ್ಧಕಗಳು ಕಾಸ್ಟಿಕ್ ಸೋಡಾ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಎರಡೂ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ, ಸುಮಾರು ಒಂದು ಗಂಟೆಯಲ್ಲಿ ಕೆಲಸ ಮುಗಿಸಿಕೊಡುತ್ತವೆ. ತಾಪತ್ರಯ ಶುರುವಾಗುವುದು ಆಮೇಲೆ. ಕರಗಿಹೋದ ಕ್ಷಾರ ಮತ್ತೆ ಕೈಗೆ ಸಿಗುವುದಿಲ್ಲ. ಅದನ್ನು ಇಂಧನದಿಂದ ಬಿಡಿಸಲು ಮೂರ್ನಾಲ್ಕು ಸಲ ನೀರಿನಲ್ಲಿ ತೊಳೆಯಬೇಕು. ಸೋಪು, ಮೆಥನಾಲ್ ಬೆರೆತ ಆ ನೀರನ್ನು ಚರಂಡಿಗೂ ಬಿಡುವಂತಿಲ್ಲ, ಗಿಡಕ್ಕೂ ಹಾಕುವಂತಿಲ್ಲ.

ಮೊಟ್ಟೆಚಿಪ್ಪನ್ನು ಸುಟ್ಟರೆ ಸಿಗುವ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಇದೇ ಕೆಲಸವನ್ನು ಘನರೂಪದಲ್ಲೇ ಇದ್ದು ಮಾಡುತ್ತದೆ. ಸಮಯ ಎರಡು-ಮೂರು ಗಂಟೆ ಹಿಡಿಯುತ್ತದೆ, ಮೆಥನಾಲ್ ಹೆಚ್ಚು ಬೇಕು. ಆದರೆ ಸೋಸಿ ತೆಗೆದು ಮತ್ತೆ ಬಳಸಬಹುದು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಯಾ ಎಣ್ಣೆಗೆ ಶೇ 3ರಷ್ಟು ಚಿಪ್ಪಿನ ಸುಣ್ಣ, ಎಣ್ಣೆಯ ಒಂದು ಅಣುವಿಗೆ ಮೆಥನಾಲ್‌ನ ಒಂಬತ್ತು ಅಣು, 65 ಡಿಗ್ರಿ ಸೆಲ್ಸಿಯಸ್, 3 ಗಂಟೆ ಎಂಬ ಲೆಕ್ಕದಲ್ಲಿ ಶೇ 95ರಷ್ಟು ಇಳುವರಿ ಸಿಕ್ಕಿತ್ತು. ಅದೇ ಸುಣ್ಣವನ್ನು 13 ಸಲ ಬಳಸಿಯೂ ಚಟುವಟಿಕೆ ಹೆಚ್ಚು ಕುಗ್ಗಿರಲಿಲ್ಲ. ಶುದ್ಧ ಎಣ್ಣೆಯಲ್ಲಿ ಬಂದ ಫಲಿತಾಂಶ ಇದು. ಕರಿದ ಎಣ್ಣೆಯಲ್ಲಿ ನಾಲ್ಕೈದು ಸಲ ಬಂದರೆ ಅದೇ ದೊಡ್ಡದು.

ಚಿಪ್ಪು ಪುಕ್ಕಟೆ, ಸುಡುವುದೂ ಅಂಥ ಕಷ್ಟವಲ್ಲ. ಈ ವಿಧಾನ ಕೆಡುವುದು ಬಹುಪಾಲು ಎರಡು ಕಡೆ: ಸುಟ್ಟ ಪುಡಿಗೆ ಗಾಳಿ ತಗುಲಿದಾಗ, ಮತ್ತು ಕೊನೆಯಲ್ಲಿ ಇಂಧನದೊಳಗೆ ಉಳಿದ ಕ್ಯಾಲ್ಸಿಯಂ ಅನ್ನು ಕಡೆಗಣಿಸಿದಾಗ. ಮುಂದಿನ ಅಳತೆಗಳೆಲ್ಲ 1 ಕೆಜಿ ಎಣ್ಣೆಗೆ.

ಯಾವ ತ್ಯಾಜ್ಯ ಆದೀತು

ಮೊಟ್ಟೆಚಿಪ್ಪಿನಲ್ಲಿ ಶೇ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಉಳಿದದ್ದು ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಫಾಸ್ಫೇಟ್, ಮಿಕ್ಕಂತೆ ಪೊರೆ ಮತ್ತು ಪ್ರೋಟೀನು. ಮೊದಲ ಸಲ ಮಾಡುವವರು ಇದನ್ನೇ ಹಿಡಿಯಿರಿ. ಬಸವನಹುಳು, ಕಪ್ಪೆಚಿಪ್ಪು, ಸಿಂಪಿ ಇವೂ ಬಹುತೇಕ ಕಾರ್ಬೊನೇಟೇ. ಚಿಪ್ಪು ಗಟ್ಟಿ, ಪುಡಿ ಮಾಡಲು ಬೆವರು ಹರಿಯುತ್ತದೆ ಅಷ್ಟೆ. ಸಮುದ್ರದಿಂದ ಬಂದದ್ದಾದರೆ ಉಪ್ಪು ಹೋಗುವವರೆಗೆ ಸಿಹಿನೀರಿನಲ್ಲಿ ಎರಡು ದಿನ ನೆನೆಹಾಕಿ, ನೀರು ಬದಲಿಸುತ್ತಿರಿ. ಉಪ್ಪು ಉಳಿದರೆ ಕುಲುಮೆಯಲ್ಲಿ ಅದು ಕರಗಿ ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಏಡಿ, ಸಿಗಡಿ ಚಿಪ್ಪಿನಲ್ಲಿ ಕೈಟಿನ್ ಮತ್ತು ಪ್ರೋಟೀನು ಜಾಸ್ತಿ. ಸುಟ್ಟಾಗ ಹೊಗೆ ಹೆಚ್ಚು, ಸುಣ್ಣ ಕಡಿಮೆ.

ಮೂಳೆಯ ಬಗ್ಗೆ ಒಂದು ಎಚ್ಚರಿಕೆ ಬೇಕು. ಮೂಳೆಯನ್ನೂ ಚಿಪ್ಪಿನಂತೆಯೇ ಸುಟ್ಟರೆ ಸುಣ್ಣ ಬರುತ್ತದೆ ಎಂದುಕೊಳ್ಳುವವರು ಬಹಳ. ಮೂಳೆಯ ಖನಿಜಭಾಗ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್; 900 ಡಿಗ್ರಿಗೆ ಸುಟ್ಟರೂ ಅದು ಹಾಗೆಯೇ ಉಳಿಯುತ್ತದೆ. ಮೂಳೆಯಲ್ಲಿದ್ದ ಅಲ್ಪಸ್ವಲ್ಪ ಕಾರ್ಬೊನೇಟ್ ಮಾತ್ರ ಸುಣ್ಣವಾಗುತ್ತದೆ. ಹಾಗಾಗಿ ಬರೀ ಮೂಳೆಬೂದಿಯಿಂದ ಕೆಲಸ ತೆಗೆಯಲು ಎಣ್ಣೆಯ ತೂಕದ ಶೇ 20ರವರೆಗೂ ಸುರಿಯಬೇಕಾಗುತ್ತದೆ, ಮೆಥನಾಲೂ ದುಪ್ಪಟ್ಟು ಬೇಕು. ಮೂಳೆಬೂದಿ ಒಳ್ಳೆಯ ಆಧಾರವಸ್ತು. ಅದರ ಮೇಲೆ ಸುಣ್ಣವನ್ನೋ ಪೊಟ್ಯಾಸಿಯಂ ಕಾರ್ಬೊನೇಟನ್ನೋ ಕೂರಿಸಿ ಮತ್ತೆ ಸುಟ್ಟರೆ ಪ್ರಯೋಜನಕ್ಕೆ ಬರುತ್ತದೆ. ಮೀನಿನ ಹುರುಪೆಗೂ ಇದೇ ಮಾತು.

ಚಿಪ್ಪನ್ನು ಹದ ಮಾಡುವುದು

40 ಗ್ರಾಂ ಸುಣ್ಣಕ್ಕೆ ಒಣಗಿದ ಚಿಪ್ಪು ಸುಮಾರು 75 ಗ್ರಾಂ ಬೇಕು. ಒಂದು ಮೊಟ್ಟೆಯ ಚಿಪ್ಪು 5ರಿಂದ 6 ಗ್ರಾಂ ತೂಗುತ್ತದೆ. ಅಂದರೆ 1 ಕೆಜಿ ಎಣ್ಣೆಗೆ ಹದಿನಾಲ್ಕು ಮೊಟ್ಟೆಗಳ ಚಿಪ್ಪು.

ಹಸಿ ಚಿಪ್ಪಿನಲ್ಲಿ ಸಾಲ್ಮೊನೆಲ್ಲಾ ಇರುವ ಸಾಧ್ಯತೆ ಇದೆ. ತಂದ ದಿನವೇ 10 ನಿಮಿಷ ಕುದಿಸಿ, ಬಸಿದು, ತೊಳೆಯಿರಿ. ಒಳಪೊರೆಯನ್ನು ಒಂದೊಂದೇ ಬಿಡಿಸುತ್ತ ಕೂರುವ ಅಗತ್ಯವಿಲ್ಲ. ಚಿಪ್ಪನ್ನು ಒರಟಾಗಿ ಪುಡಿಮಾಡಿ ಬಕೆಟ್ ನೀರಿನಲ್ಲಿ ಜೋರಾಗಿ ಕದಡಿದರೆ ಸಾಕಷ್ಟು ಪೊರೆ ಬಿಟ್ಟುಕೊಂಡು ಮೇಲೆ ತೇಲುತ್ತದೆ, ಚಿಪ್ಪು ತಳ ಸೇರುತ್ತದೆ. ಉಳಿದದ್ದನ್ನು ಬೆಂಕಿ ನೋಡಿಕೊಳ್ಳುತ್ತದೆ. ಪೊರೆ ತೆಗೆಯಲು ವಿನಿಗರ್ ಹಾಕಬೇಡಿ. ಪೊರೆಗಿಂತ ಮೊದಲು ಅದು ಚಿಪ್ಪನ್ನೇ ತಿನ್ನುತ್ತದೆ.

105–110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ, ಅರ್ಧ ಮಿಲಿಮೀಟರ್ ಜರಡಿಯಲ್ಲಿ ಜರಡಿ ಹಿಡಿಯಿರಿ. ಮೈದಾದಷ್ಟು ನುಣ್ಣಗೆ ಬೇಡ. ಅಷ್ಟು ನುಣುಪಾದರೆ ಕೊನೆಯಲ್ಲಿ ಸೋಸುವಾಗ ಫಿಲ್ಟರ್ ಕಾಗದ ಕಟ್ಟಿಕೊಂಡು ಗಂಟೆಗಟ್ಟಲೆ ಹನಿಯುತ್ತದೆ. ಪುಡಿಯ ಧೂಳು ಶ್ವಾಸಕ್ಕೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಸುಡುವುದು

ಅಡುಗೆಮನೆಯ ಓವನ್ 250 ಡಿಗ್ರಿಗೆ ನಿಲ್ಲುತ್ತದೆ. ಈ ಕೆಲಸಕ್ಕೆ ಬಾರದು. ಬೇಕಾದದ್ದು 900 ಡಿಗ್ರಿ ಮುಟ್ಟಿ ನಿಲ್ಲುವ ವಿದ್ಯುತ್ ಕುಲುಮೆ ಅಥವಾ ಕುಂಬಾರಿಕೆಯ ಭಟ್ಟಿ. ಪಾತ್ರೆ ಅಲ್ಯುಮಿನಾ ಅಥವಾ ಅಗ್ನಿಜೇಡಿಯ ಮೂಸೆಯಾಗಿರಲಿ, ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇರಬಾರದು. ಸುಣ್ಣ ಗ್ಲೇಜನ್ನು ಕರಗಿಸಿಕೊಂಡು ಅದಕ್ಕೇ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಪಾತ್ರೆ 660 ಡಿಗ್ರಿಗೆ ಕರಗುತ್ತದೆ, ಗಾಜು ಸೊಟ್ಟಗಾಗುತ್ತದೆ.

ಪುಡಿಯನ್ನು 1 ಸೆಂ.ಮೀ.ಗಿಂತ ದಪ್ಪ ಹರಡಬೇಡಿ, ಮೂಸೆಗೆ ಮುಚ್ಚಳ ಹಾಕಬೇಡಿ. ಇದಕ್ಕೆ ಕಾರಣವಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆಯುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಆ ಅನಿಲ ಅಲ್ಲೇ ನಿಂತರೆ ಕ್ರಿಯೆ ಮುಂದಕ್ಕೆ ಹೋಗುವುದಿಲ್ಲ. ಗಾಳಿ ಆಡುತ್ತಿದ್ದರೆ 800 ಡಿಗ್ರಿಯಲ್ಲೇ ಕೆಲಸ ಸಾಗುತ್ತದೆ. ಅನಿಲ ತುಂಬಿ ನಿಂತ ಮುಚ್ಚಿದ ಮೂಸೆಯಲ್ಲಾದರೆ ಸುಮಾರು 900 ಡಿಗ್ರಿ ದಾಟದೆ ಒಡೆಯುವುದೇ ಇಲ್ಲ. ಇದ್ದಿಲ ಒಲೆಯಲ್ಲಿ ಹೂತು ಸುಟ್ಟ ಚಿಪ್ಪು ಹೊರಗೆ ಬೆಳ್ಳಗಿದ್ದು ಒಳಗೆ ಅರೆಬೆಂದಿರುವುದು ಇದರಿಂದಲೇ, ಏಕೆಂದರೆ ಆ ಒಲೆಯ ಗಾಳಿಯಲ್ಲೇ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ.

ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ. 300ರಿಂದ 500 ಡಿಗ್ರಿಯ ನಡುವೆ ಪೊರೆ ಸುಟ್ಟು, ಕೂದಲು ಸುಟ್ಟ ವಾಸನೆ ಬರುತ್ತದೆ, ಪುಡಿ ಕಪ್ಪಾಗುತ್ತದೆ. ಈ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ, ಕುಲುಮೆಯ ಹೊಗೆಗಂಡಿ ಮುಚ್ಚಿರಬಾರದು. ಮೇಲೆ ಹೋದಂತೆ ಕಪ್ಪು ಬೂದುಬಣ್ಣವಾಗಿ, 800 ದಾಟುವ ಹೊತ್ತಿಗೆ ಅಚ್ಚ ಬಿಳಿಯಾಗುತ್ತದೆ. 900 ಡಿಗ್ರಿಯಲ್ಲಿ ಎರಡೂವರೆ ಗಂಟೆ ನಿಲ್ಲಿಸಿ. 'ಇನ್ನಷ್ಟು ಬಿಸಿಯಾದರೆ ಇನ್ನಷ್ಟು ಒಳ್ಳೆಯದು' ಎಂದು 1000 ದಾಟಿಸಬೇಡಿ. ಕಣಗಳು ಬೆಸೆದುಕೊಂಡು ರಂಧ್ರಗಳು ಮುಚ್ಚಿಹೋಗುತ್ತವೆ. ನೋಡಲು ಅದೇ ಬಿಳಿ, ಕೆಲಸಕ್ಕೆ ಅರ್ಧ.

ಕುಲುಮೆ ಆರಿಸಿ, 200–300 ಡಿಗ್ರಿಗೆ ಇಳಿದಾಗಲೇ ಇಕ್ಕಳದಿಂದ ಮೂಸೆಯನ್ನು ತೆಗೆದು ಡೆಸಿಕೇಟರಿಗೆ (ತೇವ ಹೀರುವ ವಸ್ತು ಇಟ್ಟ ಬಿಗಿಮುಚ್ಚಳದ ಪಾತ್ರೆಗೆ) ಸಾಗಿಸಿ. ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡರೆ, ಅಷ್ಟರಲ್ಲಿ ಪುಡಿ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಂಡಿರುತ್ತದೆ. ತಣ್ಣಗಾದ ಪುಡಿಯನ್ನು ಕತ್ತಿನವರೆಗೆ ತುಂಬಿದ ಬಿಗಿಮುಚ್ಚಳದ ಬಾಟಲಿಯಲ್ಲಿಡಿ. ದೊಡ್ಡ ಡಬ್ಬಿಯ ತಳದಲ್ಲಿ ಒಂದಿಷ್ಟು ಪುಡಿ ಇಟ್ಟರೆ ಡಬ್ಬಿಯೊಳಗಿನ ಗಾಳಿಯೇ ಅದನ್ನು ಕೆಡಿಸಲು ಸಾಕು. ಒಂದೊಂದು ಸಲಕ್ಕೆ ಬೇಕಾದ 40 ಗ್ರಾಂ ಅನ್ನು ಬೇರೆಬೇರೆ ಬಾಟಲಿಯಲ್ಲಿ ತುಂಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಪುಡಿ ಬೆಂದಿದೆಯೇ ಎಂದು ನೋಡಲು ಮೂರು ಪರೀಕ್ಷೆ

ಮೊದಲನೆಯದು ತೂಕ. ಶುದ್ಧ ಕಾರ್ಬೊನೇಟ್ ಪೂರ್ತಿ ಒಡೆದರೆ ಶೇ 44ರಷ್ಟು ತೂಕ ಕಳೆದುಕೊಳ್ಳುತ್ತದೆ. ಚಿಪ್ಪಿನಲ್ಲಿ ಪೊರೆಯ ತೂಕವೂ ಹೋಗುವುದರಿಂದ ಶೇ 45–47 ಆಗಬೇಕು. 100 ಗ್ರಾಂ ಇಟ್ಟು 60 ಗ್ರಾಂ ಬಂದರೆ ಒಳಗೆ ಬೆಂದಿಲ್ಲ, ಮತ್ತೆ ಇಡಿ.

ಎರಡನೆಯದು ಬಿಸಿ. ಥರ್ಮಾಸ್ ಲೋಟದಲ್ಲಿ 100 ಮಿ.ಲೀ. ನೀರಿಗೆ 10 ಗ್ರಾಂ ಪುಡಿ ಹಾಕಿ ಕದಡುತ್ತ ಉಷ್ಣಾಂಶ ನೋಡಿ. ಪೂರ್ತಿ ಸುಣ್ಣವಾದರೆ ಲೆಕ್ಕದ ಪ್ರಕಾರ 27 ಡಿಗ್ರಿಯಷ್ಟು ಏರಬೇಕು. ಕೆಲವು ನಿಮಿಷಗಳಲ್ಲಿ 20 ಡಿಗ್ರಿ ಏರಿದರೆ ಪುಡಿ ಚೆನ್ನಾಗಿದೆ. ನಿಧಾನವಾಗಿ, ಅರ್ಧ ಗಂಟೆ ಎಳೆದುಕೊಂಡು ಏರಿದರೆ ಅತಿಯಾಗಿ ಸುಟ್ಟಿದ್ದೀರಿ. 10 ಡಿಗ್ರಿಯೂ ಏರದಿದ್ದರೆ ಪುಡಿ ಬೆಂದಿಲ್ಲ ಇಲ್ಲವೇ ಗಾಳಿ ಕುಡಿದಿದೆ. ರಕ್ಷಣಾ ಕನ್ನಡಕ ಹಾಕಿಕೊಂಡೇ ಮಾಡಿ, ಅಳತೆ ಬದಲಿಸಬೇಡಿ. ನೀರು ಕಡಿಮೆ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.

ಮೂರನೆಯದು ಹೀಗೆ ಅರಳಿದ ಅದೇ ಸುಣ್ಣಕ್ಕೆ, ತಣ್ಣಗಾದ ಮೇಲೆ, ವಿನಿಗರ್ ಹಾಕುವುದು. ನೊರೆಗುಳ್ಳೆ ಎದ್ದರೆ ಕಾರ್ಬೊನೇಟ್ ಉಳಿದಿದೆ ಎಂದರ್ಥ.

ಶೇಖರಿಸಿಟ್ಟ ಬಾಟಲಿಯನ್ನು ಮುಚ್ಚಳ ಸಮೇತ ತೂಗಿ ಮೇಲೆ ಬರೆದಿಡಿ. ಸುಣ್ಣ ಪೂರ್ತಿ ನೀರು ಕುಡಿದರೆ ತೂಕ ಶೇ 32 ಏರುತ್ತದೆ. ಶೇ 3–4 ಏರಿದ್ದು ಕಂಡರೂ ಬಳಸುವ ಮುನ್ನ ಮತ್ತೊಮ್ಮೆ ಸುಡಿ.

ಚುರುಕುಗೊಳಿಸಲು ಒಂದು ಉಪಾಯ

ಸಮಯವಿದ್ದವರು ಇದನ್ನು ಮಾಡಬಹುದು. ಸುಟ್ಟ ಪುಡಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ 60 ಡಿಗ್ರಿಯಲ್ಲಿ ಆರು ಗಂಟೆ ಕದಡಿ, ಸೋಸಿ, 120 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ 600 ಡಿಗ್ರಿಯಲ್ಲಿ ಮೂರು ಗಂಟೆ ಸುಡುವುದು. ಮೊದಲು ಸುಣ್ಣ ಅರಳುತ್ತದೆ, ಆಮೇಲೆ ಆ ನೀರು ಆವಿಯಾಗಿ ಹೊರಬೀಳುವಾಗ ಕಣದಲ್ಲೆಲ್ಲ ಬಿರುಕು, ರಂಧ್ರ ಬಿಟ್ಟುಹೋಗುತ್ತದೆ. ಮೇಲ್ಮೈ ಹೆಚ್ಚಿದಷ್ಟು ಕ್ರಿಯೆ ಚುರುಕು. ಗಾಳಿ ಕುಡಿದು ಅರಳಿಹೋದ ಹಳೆಯ ಪುಡಿಯನ್ನೂ ಹೀಗೆ ಉಳಿಸಬಹುದು, ಅದು ಕಾರ್ಬೊನೇಟ್ ಆಗಿರದಿದ್ದರೆ. ಆಗಿದ್ದರೆ 900 ಡಿಗ್ರಿಯೇ ಬೇಕು.

ಎಣ್ಣೆಯ ತಯಾರಿ

ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, 110 ಡಿಗ್ರಿಗೆ ಕಾಸಿ, ಕದಡುತ್ತ ಅರ್ಧ ಗಂಟೆ ಇಡಿ. ಚಿಟಚಿಟ ಸದ್ದು, ಗುಳ್ಳೆ ನಿಂತರೆ ನೀರು ಹೋಗಿದೆ. ಬಳಿಕ ಆಮ್ಲ ಸಂಖ್ಯೆ, ಅಂದರೆ ಎಣ್ಣೆಯಲ್ಲಿ ಬಿಡಿಯಾಗಿರುವ ಕೊಬ್ಬಿನಾಮ್ಲದ ಅಳತೆ, ನೋಡಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

1 ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ 1 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಎರಡು ಹನಿ ಫಿನಾಲ್ಫ್ತಲೀನ್ (ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ) ಹಾಕಿ, ಎಣ್ಣೆಯಿಲ್ಲದೆ ಒಮ್ಮೆ ಗುಲಾಬಿ ಬಣ್ಣ ಬರುವವರೆಗೆ ದ್ರಾವಣ ಹನಿಸಿ, ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ. ಆಮೇಲೆ ಹೊಸ ಆಲ್ಕೊಹಾಲ್‌ಗೆ ಸರಿಯಾಗಿ 1 ಗ್ರಾಂ ಎಣ್ಣೆ ತೂಗಿ ಹಾಕಿ ಅದನ್ನೇ ಮಾಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲಬೇಕು. ಎರಡರ ವ್ಯತ್ಯಾಸ ಎಷ್ಟು ಮಿ.ಲೀ. ಬಂತೋ ಅದೇ ಆಮ್ಲ ಸಂಖ್ಯೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಾಮಾನ್ಯವಾಗಿ ಶೇ 85–90 ಮಾತ್ರ ಶುದ್ಧ. ಲೇಬಲ್ ನೋಡಿ ಅಷ್ಟರಿಂದ ಗುಣಿಸಿ.

1ಕ್ಕಿಂತ ಕಡಿಮೆ ಬಂದರೆ ನಿಶ್ಚಿಂತೆ. 2ರವರೆಗೂ ಹೇಗೋ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮುಕ್ತ ಕೊಬ್ಬಿನಾಮ್ಲ ಸುಣ್ಣವನ್ನೇ ತಿಂದು ಕ್ಯಾಲ್ಸಿಯಂ ಸೋಪಾಗುತ್ತದೆ. ಲೆಕ್ಕ ಹಾಕಿ: ಆಮ್ಲ ಸಂಖ್ಯೆ 2 ಇರುವ 1 ಕೆಜಿ ಎಣ್ಣೆ ತಿನ್ನಬಲ್ಲ ಸುಣ್ಣ ಬರೀ 1 ಗ್ರಾಂ. ಆದರೆ ಅದರಿಂದ ಹುಟ್ಟುವ ಸೋಪು 10 ಗ್ರಾಂ ದಾಟುತ್ತದೆ. ಸೋಡಿಯಂ ಸೋಪಿನಂತೆ ಅದು ನೀರಿನಲ್ಲಿ ಕರಗಿ ಹೋಗುವುದೂ ಇಲ್ಲ. ಬೆಣ್ಣೆಯಂತೆ ಇಂಧನಕ್ಕೂ ಗ್ಲಿಸರಿನ್‌ಗೂ ನಡುವೆ ಕುಳಿತು ಎರಡನ್ನೂ ಬೇರೆಯಾಗಲು ಬಿಡುವುದಿಲ್ಲ.

ಅಂಥ ಎಣ್ಣೆಯನ್ನು ಒಳ್ಳೆಯ ಎಣ್ಣೆಯೊಂದಿಗೆ ಬೆರೆಸಿ 2ರ ಕೆಳಗೆ ತರುವುದು ಸುಲಭದ ದಾರಿ. ಆಗದಿದ್ದರೆ ಆಮ್ಲದಿಂದ ಮೊದಲು ಹದಗೊಳಿಸಬೇಕು. ಎಣ್ಣೆಯ ಗಾತ್ರದ ಶೇ 20ರಷ್ಟು ಮೆಥನಾಲ್‌ಗೆ 5 ಗ್ರಾಂ ಗಂಧಕಾಮ್ಲವನ್ನು ಹನಿಹನಿಯಾಗಿ ಸೇರಿಸಿ, 60 ಡಿಗ್ರಿಯ ಎಣ್ಣೆಯಲ್ಲಿ ಎರಡು ಗಂಟೆ ಕದಡಿ, ತಂಗಲು ಬಿಟ್ಟು, ಬೇರೆಯಾದ ಮೆಥನಾಲ್ ಪದರ ತೆಗೆಯಿರಿ. ಎಣ್ಣೆಯನ್ನು ಬಿಸಿನೀರಿನಲ್ಲಿ ಆಮ್ಲದ ಕುರುಹು ಹೋಗುವವರೆಗೆ ತೊಳೆದು, ಮತ್ತೆ 110 ಡಿಗ್ರಿಯಲ್ಲಿ ಒಣಗಿಸಿ. ಸರಿಯಾಗಿ ತೊಳೆಯದಿದ್ದರೆ ಉಳಿದ ಗಂಧಕಾಮ್ಲ ಸುಣ್ಣವನ್ನು ಜಿಪ್ಸಮ್ ಮಾಡಿ ಕೂರಿಸುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲು.

ಮೆಥನಾಲ್ ಮುಟ್ಟುವ ಮುನ್ನ

ಮೆಥನಾಲ್ ಕುಡಿದರೆ ಕುರುಡು ಬರುತ್ತದೆ, 30 ಮಿ.ಲೀ. ಪ್ರಾಣ ತೆಗೆಯಬಹುದು, ಚರ್ಮದ ಮೂಲಕ, ಉಸಿರಿನ ಮೂಲಕವೂ ಒಳಹೋಗುತ್ತದೆ. ಅದರ ಆವಿ 11 ಡಿಗ್ರಿಯಲ್ಲೇ ಕಿಡಿಗೆ ಹತ್ತಿಕೊಳ್ಳುತ್ತದೆ, ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಗ್ಯಾಸ್ ಒಲೆ, ಇದ್ದಿಲು, ಕಿಡಿ ಹಾರಿಸುವ ಡ್ರಿಲ್ ಮೋಟಾರು ಹತ್ತಿರ ಸುಳಿಯಕೂಡದು. ಬ್ಯುಟೈಲ್ ಕೈಗವಸು, ಮುಚ್ಚಿದ ಕನ್ನಡಕ, ಗಾಳಿಯಾಡುವ ಜಾಗ, ಆಲ್ಕೊಹಾಲ್ ಬೆಂಕಿಗೆ ನಡೆಯುವ ಅಗ್ನಿಶಾಮಕ ಇವಿಲ್ಲದೆ ಶುರು ಮಾಡಬೇಡಿ. ತೆಳ್ಳನೆಯ ನೈಟ್ರೈಲ್ ಕೈಗವಸು ಮೆಥನಾಲ್‌ಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಒಳಗೆ ಹೋಯಿತೆಂಬ ಸಂಶಯ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಲು ಹಲವು ಗಂಟೆ ಹಿಡಿಯುತ್ತದೆ.

ಸುಣ್ಣದ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣದಾಗಿಯೇ ಕೊಡವಿ, ಆಮೇಲೆ ಧಾರಾಳ ನೀರು ಹಾಕಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ.

ಕ್ರಿಯೆ ನಡೆಸುವುದು

ಬೇಕಾದ ಸಾಮಾನು: ಮೂರು ಬಾಯಿಯ 2 ಲೀಟರ್ ಗಾಜಿನ ಫ್ಲಾಸ್ಕ್, ಮಧ್ಯದ ಬಾಯಿಗೆ ಕಿಡಿರಹಿತ ಮೋಟಾರಿನ ಕದಡುಕೋಲು, ಒಂದು ಬಾಯಿಗೆ ನೀರು ಹರಿಯುವ ಕಂಡೆನ್ಸರ್, ಇನ್ನೊಂದಕ್ಕೆ ಥರ್ಮಾಮೀಟರ್, ಕೆಳಗೆ ಬಿಸಿನೀರಿನ ತೊಟ್ಟಿ. ಕಂಡೆನ್ಸರಿನ ತುದಿಗೆ ಸಿಲಿಕಾ ಜೆಲ್ ತುಂಬಿದ ಕೊಳವೆ ಸಿಕ್ಕಿಸಿ. ಮೆಥನಾಲ್ ಆವಿ ಒಳಗೇ ತಿರುಗಿ ಬರಲಿ, ಹೊರಗಿನ ತೇವ ಒಳಗೆ ಬಾರದಿರಲಿ. ಇಡೀ ವ್ಯವಸ್ಥೆಯನ್ನು ಗಾಳಿಬಿಗಿಯಾಗಿ ಮುಚ್ಚಬಾರದು, ಒತ್ತಡ ಏರುತ್ತದೆ. ಇಷ್ಟು ಪ್ರಮಾಣಕ್ಕೆ ಮ್ಯಾಗ್ನೆಟಿಕ್ ಕದಡುಕಡ್ಡಿ ಸಾಲದು. ಸುಣ್ಣ ತಳದಲ್ಲೇ ಕುಳಿತುಬಿಡುತ್ತದೆ.

ಅಳತೆ ಹೀಗೆ:

- ಒಣಗಿಸಿದ ಎಣ್ಣೆ 1 ಕೆಜಿ
- ಮೆಥನಾಲ್ 330 ಗ್ರಾಂ, ಅಂದರೆ ಸುಮಾರು 415 ಮಿ.ಲೀ.
- ಚಿಪ್ಪಿನ ಸುಣ್ಣ 40 ಗ್ರಾಂ
- ಹಿಂದಿನ ಸಲದ ಗ್ಲಿಸರಿನ್ 3–4 ಗ್ರಾಂ, ಇದ್ದರೆ

ಎಣ್ಣೆಯ ಒಂದು ಅಣುವಿಗೆ ಮೆಥನಾಲ್‌ನ ಮೂರು ಅಣು ಸಾಕು, ತೂಕದಲ್ಲಿ 110 ಗ್ರಾಂ. ಮೂರು ಪಟ್ಟು ಹಾಕುವುದು ಕ್ರಿಯೆಯನ್ನು ಇಂಧನದ ಕಡೆಗೆ ತಳ್ಳಲು. ಉಳಿಯುವ 220 ಗ್ರಾಂ ಅನ್ನು ಆಮೇಲೆ ಹಿಂದಕ್ಕೆ ಪಡೆಯುತ್ತೇವೆ. ಕರಿದ ಎಣ್ಣೆ ಹಟ ಮಾಡಿದರೆ 440 ಗ್ರಾಂವರೆಗೆ ಏರಿಸಬಹುದು. ಅದಕ್ಕೂ ಮೇಲೆ ಹೋದರೆ ಲಾಭವಿಲ್ಲ, ಗ್ಲಿಸರಿನ್ ಬೇರೆಯಾಗಲು ತಡವಾಗುತ್ತದೆ.

ಎಣ್ಣೆ ಹಾಕುವ ಮುನ್ನ ಸುಣ್ಣವನ್ನು ಮೆಥನಾಲ್‌ನಲ್ಲಿ ಹಾಕಿ 50–60 ಡಿಗ್ರಿಯಲ್ಲಿ ಅರ್ಧ ಗಂಟೆ ಕದಡಿ, ಕಂಡೆನ್ಸರ್ ಓಡುತ್ತಿರಲಿ. ಸುಣ್ಣವನ್ನು ತಣ್ಣನೆಯ ಮೆಥನಾಲ್‌ಗೆ, ಸ್ವಲ್ಪಸ್ವಲ್ಪವೇ ಹಾಕಬೇಕು. ಕಣಗಳ ಮೇಲೆ ಕ್ಯಾಲ್ಸಿಯಂ ಮೆಥಾಕ್ಸೈಡ್ ಹುಟ್ಟುವುದು ಈ ಹೊತ್ತಿನಲ್ಲೇ. ಗ್ಲಿಸರಿನ್ ಸೇರಿಸುವುದಕ್ಕೂ ಕಾರಣವಿದೆ: ಸುಣ್ಣ ಮತ್ತು ಗ್ಲಿಸರಿನ್ ಸೇರಿ ಕ್ಯಾಲ್ಸಿಯಂ ಡೈಗ್ಲಿಸರಾಕ್ಸೈಡ್ ಎಂಬ ವಸ್ತುವಾಗುತ್ತದೆ, ಅದೂ ವೇಗವರ್ಧಕವೇ. ಗ್ಲಿಸರಿನ್ ಇಲ್ಲದ ಮೊದಲ ಸಲ ಆರಂಭದ ಅರ್ಧ ಗಂಟೆ ಏನೂ ಆಗುತ್ತಿಲ್ಲ ಎನಿಸುತ್ತದೆ. ಗಾಬರಿಯಾಗಿ ಇನ್ನಷ್ಟು ಸುಣ್ಣ ಸುರಿಯಬೇಡಿ.

ಈಗ 60 ಡಿಗ್ರಿಗೆ ಕಾಸಿದ ಎಣ್ಣೆಯನ್ನು ಸೇರಿಸಿ. ನಿಮಿಷಕ್ಕೆ 600–800 ಸುತ್ತು, 63–65 ಡಿಗ್ರಿ, ಮೂರು ಗಂಟೆ. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಕಂಡೆನ್ಸರಿನಲ್ಲಿ ನಿಧಾನವಾಗಿ ಹನಿ ಬೀಳುತ್ತಿರಬೇಕು, ಸುರಿಯಬಾರದು. ಫ್ಲಾಸ್ಕಿನ ತಳವನ್ನು ಆಗಾಗ ಬಗ್ಗಿ ನೋಡಿ. ಬಿಳಿ ಪುಡಿ ಸುಳಿಯುತ್ತ ಮೇಲೇಳುತ್ತಿದ್ದರೆ ಸರಿ. ಒಂದು ಮೂಲೆಯಲ್ಲಿ ದಿಬ್ಬ ಕಟ್ಟಿದ್ದರೆ ವೇಗ ಹೆಚ್ಚಿಸಿ. ಎಣ್ಣೆ, ಮೆಥನಾಲ್, ಸುಣ್ಣ ಮೂರೂ ಬೇರೆಬೇರೆ ಹಂತದಲ್ಲಿರುವ ಕ್ರಿಯೆ ಇದು, ಕದಡುವುದು ಕುಂದಿದರೆ ಅಲ್ಲಿಗೆ ನಿಂತಂತೆ.

ಮುಗಿಯಿತೇ ಎಂದು ನೋಡಲು 10 ಮಿ.ಲೀ. ತೆಗೆದು ಸೋಸಿ, ಗ್ಲಿಸರಿನ್ ತಳ ಸೇರಿದ ಮೇಲೆ ಮೇಲಿನ ತಿಳಿಯಿಂದ 3 ಮಿ.ಲೀ. ಅನ್ನು 27 ಮಿ.ಲೀ. ಮೆಥನಾಲ್‌ಗೆ ಹಾಕಿ ಕುಲುಕಿ. ಎರಡೂ 20 ಡಿಗ್ರಿಯ ಆಸುಪಾಸು ಇರಲಿ. ಬಯೋಡೀಸೆಲ್ ಪೂರ್ತಿ ಕರಗುತ್ತದೆ. ಮಾರ್ಪಡದ ಎಣ್ಣೆ ಹನಿಯಾಗಿ ತಳದಲ್ಲಿ ಕೂರುತ್ತದೆ. ಹನಿ ಕಂಡರೆ ಇನ್ನೊಂದು ಗಂಟೆ ನಡೆಸಿ.

ಬೇರ್ಪಡಿಸುವ ಕ್ರಮ

ಮೊದಲು ಸುಣ್ಣ, ಆಮೇಲೆ ಗ್ಲಿಸರಿನ್, ಕೊನೆಗೆ ಮೆಥನಾಲ್. ಈ ಕ್ರಮ ತಪ್ಪಿಸಬೇಡಿ. ಸುಣ್ಣವೂ ಗ್ಲಿಸರಿನ್ನೂ ಇನ್ನೂ ಒಳಗಿರುವಾಗಲೇ ಮೆಥನಾಲ್ ಭಟ್ಟಿ ಇಳಿಸಿದರೆ ಕ್ರಿಯೆ ಹಿಂದಕ್ಕೆ ಹೊರಳಿ ಇಂಧನ ಮತ್ತೆ ಕೊಬ್ಬಾಗತೊಡಗುತ್ತದೆ.

40 ಡಿಗ್ರಿಗೆ ತಣಿದ ಮೇಲೆ ಸೋಸಿ. ತಳದ ಸುಣ್ಣ ಗ್ಲಿಸರಿನ್ ಕುಡಿದು ಜಿಗುಟಾಗಿರುತ್ತದೆ. ಮೊದಲು ಮೇಲಿನ ದ್ರವವನ್ನು ಬಗ್ಗಿಸಿ ಸೋಸಿಕೊಂಡು, ಕೊನೆಗೆ ಆ ಗಸಿಯನ್ನು ಫಿಲ್ಟರಿಗೆ ತಳ್ಳಿದರೆ ಕಾಗದ ಬೇಗ ಕಟ್ಟಿಕೊಳ್ಳುವುದಿಲ್ಲ. ಸೋಸಿದ್ದನ್ನು ಬೇರ್ಪಡಿಕೆ ಆಲಿಕೆಯಲ್ಲಿ ಎಂಟು ಗಂಟೆ ಬಿಡಿ. ಕೆಳಗಿನ ಗ್ಲಿಸರಿನ್ ಶುದ್ಧ ಲೆಕ್ಕದಲ್ಲಿ ಸುಮಾರು 105 ಗ್ರಾಂ. ಮೆಥನಾಲ್ ಸೇರಿ ಅದಕ್ಕಿಂತ ಹೆಚ್ಚು ತೂಗುತ್ತದೆ. ಎರಡೂ ಪದರಗಳಿಂದ ಮೆಥನಾಲ್ ಭಟ್ಟಿ ಇಳಿಸಿ, ಇಂಧನವನ್ನು ಕೊನೆಗೆ 80–90 ಡಿಗ್ರಿಯವರೆಗೆ ಕಾಸಿ. ಸಿಕ್ಕಿದ ಮೆಥನಾಲ್ ಸಾಂದ್ರತೆ 20 ಡಿಗ್ರಿಯಲ್ಲಿ 0.792ರ ಹತ್ತಿರವಿದ್ದರೆ ಮುಂದಿನ ಸಲಕ್ಕೆ ಬಳಸಿ. ಹೆಚ್ಚಿದ್ದರೆ ನೀರು ಸೇರಿದೆ.

ಕ್ಯಾಲ್ಸಿಯಂ ತೆಗೆಯುವುದು

'ಘನ ವೇಗವರ್ಧಕ, ಹಾಗಾಗಿ ತೊಳೆಯುವುದೇ ಬೇಡ' ಎಂಬ ಮಾತು ಕೇಳಿರಬಹುದು. ಅರ್ಧ ಮಾತ್ರ ನಿಜ. ಸುಣ್ಣ ಮೆಥನಾಲ್‌ನಲ್ಲೂ ಗ್ಲಿಸರಿನ್‌ನಲ್ಲೂ ಸ್ವಲ್ಪ ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಫಿಲ್ಟರಿಗೆ ಸಿಗುವುದಿಲ್ಲ. ಯುರೋಪಿನ ಇಎನ್ 14214 ಮತ್ತು ಅಮೆರಿಕದ ಎಎಸ್‌ಟಿಎಂ ಡಿ6751 ಮಾನದಂಡಗಳೆರಡೂ ಕ್ಯಾಲ್ಸಿಯಂ-ಮೆಗ್ನೀಸಿಯಂ ಒಟ್ಟು ಕೆಜಿಗೆ 5 ಮಿ.ಗ್ರಾಂ ಮೀರಬಾರದು ಎನ್ನುತ್ತವೆ. ಮೀರಿದರೆ ಇಂಜೆಕ್ಟರಿನಲ್ಲಿ ಬೂದಿ ಕಟ್ಟುತ್ತದೆ, ಫಿಲ್ಟರಿನಲ್ಲಿ ಸೋಪು ಕೂರುತ್ತದೆ.

ಇಂಧನದ ತೂಕದ ಹತ್ತನೇ ಒಂದರಷ್ಟು, ಅಂದರೆ 100 ಮಿ.ಲೀ., ಶೇ 5ರ ಸಿಟ್ರಿಕ್ ಆಮ್ಲದ ದ್ರಾವಣವನ್ನು 50 ಡಿಗ್ರಿಗೆ ಕಾಸಿ ಇಂಧನಕ್ಕೆ ಹಾಕಿ, ಹದಿನೈದು ನಿಮಿಷ ಮೆಲ್ಲಗೆ ಕದಡಿ. ಜೋರಾಗಿ ಕುಲುಕಿದರೆ ಮೊಸರಿನಂತೆ ಕದಡಿಹೋಗಿ ದಿನವಾದರೂ ಬೇರೆಯಾಗದು. ತಂಗಿದ ಮೇಲೆ ಕೆಳಗಿನ ನೀರನ್ನೂ ಗಡಿಯಲ್ಲಿ ಕುಳಿತ ಬಿಳಿ ಪೊರೆಯನ್ನೂ ತೆಗೆದು, ಇನ್ನೆರಡು ಸಲ 100 ಮಿ.ಲೀ. ಬರೀ ನೀರಿನಲ್ಲಿ ತೊಳೆಯಿರಿ. ನೀರು ಭಟ್ಟಿ ಇಳಿಸಿದ್ದೋ ಮಳೆನೀರೋ ಆಗಿರಲಿ. ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆಯುವುದೆಂದರೆ ಒಂದು ಕೈಯಲ್ಲಿ ಕ್ಯಾಲ್ಸಿಯಂ ತೆಗೆದು ಇನ್ನೊಂದು ಕೈಯಲ್ಲಿ ಹಾಕಿದಂತೆ. ಕೊನೆಗೆ 105 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಒಣಗಿಸಿ. ಒಟ್ಟು ನೀರು 300 ಮಿ.ಲೀ. ಆಯಿತು. ನೀರೇ ಬೇಡವೆನ್ನುವವರು ಕ್ಯಾಟಯಾನ್ ವಿನಿಮಯ ರಾಳದ (ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ರಾಳದ) ಕೊಳವೆಯ ಮೂಲಕ ಹಾಯಿಸಬಹುದು. ರಾಳ ತುಂಬಿದಾಗ ಆಮ್ಲದಿಂದ ಮತ್ತೆ ಹೊಸದು ಮಾಡಿಕೊಳ್ಳಬಹುದು.

ಎರಡೂ ದಾರಿಯಲ್ಲಿ ಕ್ಯಾಲ್ಸಿಯಂ ಸೋಪು ಒಡೆದು ಕೊಬ್ಬಿನಾಮ್ಲವಾಗಿ ಇಂಧನದಲ್ಲೇ ಉಳಿಯುತ್ತದೆ. ಆದ್ದರಿಂದ ಕೊನೆಯಲ್ಲಿ ಆಮ್ಲ ಸಂಖ್ಯೆಯನ್ನು ಮತ್ತೆ ನೋಡಿ, 0.50 ಮೀರಬಾರದು. ಮೀರಿದರೆ ತಪ್ಪು ಇಲ್ಲಿಲ್ಲ, ಎಣ್ಣೆಯ ಹಂತದಲ್ಲಿದೆ.

ಕ್ಯಾಲ್ಸಿಯಂ ಉಳಿದಿದೆಯೇ ಎಂದು ಒರಟಾಗಿ ತಿಳಿಯಲು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಇಂಧನದೊಂದಿಗೆ ಬೆಚ್ಚಗೆ ಕುಲುಕಿ. ನೀರಿನ ಪದರ ಬೆಳ್ಳಗೆ ಮಬ್ಬಾದರೆ ಕ್ಯಾಲ್ಸಿಯಂ ಇದೆ. ಆಕ್ಸಾಲಿಕ್ ಆಮ್ಲ ವಿಷ, ಕೈಗವಸು ಇರಲಿ. 5 ಮಿ.ಗ್ರಾಂ ಮಿತಿಯನ್ನು ಖಚಿತಪಡಿಸಲು ಪ್ರಯೋಗಾಲಯವೇ ಬೇಕು. ಇಂಧನವನ್ನು ಎಂಜಿನ್‌ಗೆ ಹಾಕುವ ಮುನ್ನ ಸ್ನಿಗ್ಧತೆ, ನೀರಿನಂಶ, ಗ್ಲಿಸರಿನ್ ಅಂಶಗಳ ಜೊತೆ ಅದನ್ನೂ ಮಾಡಿಸಿ.

ಪರಿಸರದ ಲೆಕ್ಕ

1 ಕೆಜಿ ಸುಣ್ಣ ಮಾಡುವಾಗ 785 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕಲ್ಲಿನಿಂದಲ್ಲ, ಚಿಪ್ಪಿನಿಂದ ಬರುತ್ತದೆ ಎಂದು ಸಮಾಧಾನಪಡುವಂತಿಲ್ಲ. ಮೊಟ್ಟೆಕೋಳಿಯ ಮೇವಿಗೆ ಬೆರೆಸುವುದು ಸುಣ್ಣದಕಲ್ಲಿನ ಪುಡಿಯನ್ನೇ. ಆದರೂ 40 ಗ್ರಾಂಗೆ ಇದು 31 ಗ್ರಾಂ ಮಾತ್ರ, ಅದೂ ಹಲವು ಸಲ ಬಳಸಿದರೆ ಹಂಚಿಹೋಗುತ್ತದೆ. ದೊಡ್ಡ ಬಾಬತ್ತು ಕುಲುಮೆಯ ವಿದ್ಯುತ್. 1 ಕೆಜಿ ಸುಣ್ಣಕ್ಕೆ ತಾತ್ವಿಕವಾಗಿ 0.9 ಯುನಿಟ್ ಸಾಕು. ಸಣ್ಣ ಕುಲುಮೆಯಲ್ಲಿ 50 ಗ್ರಾಂ ಸುಡಲು ಅದರ ಹಲವು ಪಟ್ಟು ಗೋಡೆ ಕಾಯಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಚಿಪ್ಪು ಕೂಡಿಡಿ, ಕುಲುಮೆ ತುಂಬ ಸುಡಿ, ಕುಂಬಾರರ ಭಟ್ಟಿ ಹೇಗೂ ಉರಿಯುವ ದಿನ ಒಂದು ಮೂಲೆ ಕೇಳಿಕೊಳ್ಳಿ. ಇದಕ್ಕಿಂತಲೂ ಮುಖ್ಯ ಮೆಥನಾಲ್. ಅದು ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುವಂಥದ್ದು. 220 ಗ್ರಾಂ ಅನ್ನು ಗಾಳಿಗೆ ಬಿಟ್ಟು, ಮೊಟ್ಟೆಚಿಪ್ಪು ಬಳಸಿದೆವೆಂದು ಹಸಿರು ಬಣ್ಣ ಬಳಿದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸುಣ್ಣವನ್ನು ಮತ್ತೆ ಬಳಸುವುದು

ಸೋಸಿದ ಸುಣ್ಣವನ್ನು ಗಾಳಿಗೆ ಹರಡಿ ಒಣಗಿಸಬೇಡಿ. ಫಿಲ್ಟರಿನ ಮೇಲೆಯೇ 50 ಮಿ.ಲೀ. ಮೆಥನಾಲ್ ಹಾಯಿಸಿ, ಒದ್ದೆಯಾಗಿರುವಾಗಲೇ ಮುಂದಿನ ಸಲದ ಮೆಥನಾಲ್‌ಗೆ ಸುರಿದುಬಿಡಿ. ಅದೇ ದಿನ ಆಗದಿದ್ದರೆ ಮೆಥನಾಲ್‌ನಲ್ಲಿ ಮುಳುಗಿಸಿ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಪ್ರತಿ ಸಲ ಸ್ವಲ್ಪ ಕರಗಿಯೂ ಫಿಲ್ಟರಿಗೆ ಅಂಟಿಯೂ ಕಡಿಮೆಯಾಗುತ್ತದೆ. 4–5 ಗ್ರಾಂ ಹೊಸದನ್ನು ಸೇರಿಸುತ್ತ ಹೋಗಿ.

ಮೂರು ಗಂಟೆಯಾದರೂ 27 ಮಿ.ಲೀ. ಪರೀಕ್ಷೆಯಲ್ಲಿ ಹನಿ ಉಳಿಯತೊಡಗಿದರೆ ಸುಣ್ಣ ದಣಿದಿದೆ. ಗ್ಲಿಸರಿನ್, ಸೋಪು ಕಣಗಳ ಮೇಲೆ ಮೆತ್ತಿಕೊಂಡಿರುತ್ತವೆ, ಮತ್ತೆ ಸುಟ್ಟರೆ ಹೋಗುತ್ತವೆ. ಆದರೆ ಮೆಥನಾಲ್ ಒದ್ದೆ ಇರುವ ಪುಡಿಯನ್ನು ಎಂದೂ ಕುಲುಮೆಗೆ ಇಡಬೇಡಿ, ಆವಿ ತುಂಬಿ ಸಿಡಿಯುತ್ತದೆ. ಹೊರಗೆ ಗಾಳಿಯಲ್ಲಿ ಪೂರ್ತಿ ಒಣಗಿಸಿ, ವಾಸನೆ ಹೋದ ಮೇಲೆ ಕುಲುಮೆಗಿಟ್ಟು, 600 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ ಜಿಡ್ಡು ಉರಿದುಹೋಗಲಿ, ಬಳಿಕ 900ಕ್ಕೆ ಏರಿಸಿ. ನೀರಿಗೆ ಹಾಕಿ ಬಿಸಿ ನೋಡುವ ಆ ಎರಡನೆಯ ಪರೀಕ್ಷೆ ಮಾಡಿ ನೋಡಿ. 20 ಡಿಗ್ರಿ ಏರಿದರೆ ಬಾಟಲಿಗೆ ತುಂಬಿ. ಏರದಿದ್ದರೆ ಮೆಥನಾಲ್ ಪೂರ್ತಿ ಸುಟ್ಟುಹೋದ ಆ ಪುಡಿಯನ್ನು ನೀರಿನಲ್ಲಿ ಅರಳಿಸಿ, ಆಮ್ಲೀಯ ಮಣ್ಣಿಗೆ ಸುಣ್ಣವಾಗಿ ಹಾಕಬಹುದು.